ಹಂಗಲ್ಲ, ಮುಯ್ಯಿ: ಮುಪ್ಪಿನಲ್ಲಿ ಇನ್ನೊಬ್ಬರ ಕೈ ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 74. ಹುಟ್ಟಿದ್ದು ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 32 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದೆ. ಈಗ ಧಾರವಾಡದಲ್ಲಿ ಮಗನ ಮನೆಯಲ್ಲಿದ್ದೇನೆ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು, ಬಲಗೈ ಮಣಿಕಟ್ಟು ಎರಡೂ ಮುರಿದವು. ಅಲ್ಲಿಂದ ಈಚೆಗೆ ನನ್ನ ವಾರಿಗೆಯವರು ಕಂಡಾಗಲೆಲ್ಲ ಏನಾದರೊಂದು ಕೇಳುತ್ತಾರೆ. ಕೆಲಗೇರಿ ಕೆರೆ ದಂಡೆಯಲ್ಲಿ, ಮದುವೆ ಊಟದ ಸಾಲಿನಲ್ಲಿ, ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲಿ. ಬಾಯಿ ಬೇರೆ, ಪ್ರಶ್ನೆ ಮಾತ್ರ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ನಾನು ಡಾಕ್ಟರೂ ಅಲ್ಲ, ವಕೀಲೆಯೂ ಅಲ್ಲ. ಬಿದ್ದು ಎದ್ದವಳು, ಅಷ್ಟೇ.

"ಯಾರ ಕೈಲೂ ಮಾಡಿಸಿಕೊಳ್ಳದೆ ಹೋಗಿಬಿಡಬೇಕು" ಅಂತ ದಿನಾ ಬೇಡಿಕೊಳ್ಳುತ್ತೇನೆ. ಇದು ತಪ್ಪಾ?

ತಪ್ಪೇನಲ್ಲ. "ಕೈಕಾಲು ಗಟ್ಟಿ ಇದ್ದಾಗನ ಶಿವ ಕರಕೊಳ್ಳಲಿ" ಅನ್ನದ ಮುದುಕಿ ನಮ್ಮ ಕಡೆ ಇಲ್ಲ. ನಮ್ಮವ್ವನೂ ಅದನ್ನೇ ಅಂದಳು. ಕೊನೆಗೆ ಎರಡು ವರ್ಷ ಹಾಸಿಗೆ ಹಿಡಿದಳು.

ಈ ಮಾತಿನ ಹಿಂದೆ ಇರುವುದು ಸಾವಿನ ಆಸೆ ಅಲ್ಲ, ಹಂಗಿನ ಭಯ. ಹಂಗು ಅನ್ನುವುದು ಬಹಳ ಹಳೆಯ ಪದ. ಮುಪ್ಪು ಬರುವ ಮುಂಚೆ, ಇನ್ನೊಬ್ಬರ ಹಂಗಿಗೆ ಬೀಳುವ ಮುಂಚೆ ಎಂದು ಬಸವಣ್ಣನವರ ವಚನವೊಂದು ಎಚ್ಚರಿಸುತ್ತದೆ. ಎಂಟುನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನಾವು ಮುಪ್ಪನ್ನೂ ಹಂಗನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾ ಬಂದಿದ್ದೇವೆ. ಹೀಗಿರುವಾಗ ಒಬ್ಬರು ನೀರಿನ ತಂಬಿಗೆ ತಂದುಕೊಟ್ಟರೂ ಎದೆ ಚುರ್ ಅನ್ನುವುದರಲ್ಲಿ ಆಶ್ಚರ್ಯವೇನು?

ಆದರೆ ಹಂಗಿನ ಪಕ್ಕದಲ್ಲೇ ಇನ್ನೊಂದು ಪದ ಇದೆ: ಮುಯ್ಯಿ, ಅಂದರೆ ಇವತ್ತು ನೀನು, ನಾಳೆ ನಾನು ಅಂತ ಕೈಗೆ ಕೈ ಕೊಡುವುದು. ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ನಿಜವಾಗಿ ಎಷ್ಟು ಸಹಾಯ ಬೇಕು ಅಂತ ತಿಳಿಯುವುದು ಹೇಗೆ?

ಇದಕ್ಕೆ ಡಾಕ್ಟರುಗಳ ಹತ್ತಿರ ಹಳೆಯ ಅಳತೆಗೋಲು ಇದೆ. 1963ರಲ್ಲಿ ಅಮೆರಿಕದ ಸಿಡ್ನಿ ಕಾಟ್ಜ್ ಮತ್ತು ಅವರ ಜೊತೆಯವರು ಮಾಡಿದ್ದು. ಆರೇ ಬಾಬ್ತು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಕೂರುವುದು, ಮಲಮೂತ್ರದ ಹಿಡಿತ, ಉಣ್ಣುವುದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೂ ಎಂಟು ಸೇರಿಸಿದರು. ಅದರಲ್ಲಿ ಫೋನು, ಸಂತೆ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಗುಳಿಗೆ, ದುಡ್ಡಿನ ಲೆಕ್ಕ ಬರುತ್ತವೆ.

ಕಾಟ್ಜ್ ಗಮನಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಆರರಲ್ಲಿ ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಉಣ್ಣುವುದು. ಮಗು ಕಲಿಯುತ್ತಾ ಹೋಗುವುದರ ತಿರುವು ಅದು. ಚೇತರಿಸಿಕೊಳ್ಳುವಾಗ ಮತ್ತೆ ಮಗುವಿನ ದಾರಿಯಲ್ಲೇ ಬರುತ್ತದೆ.

ಒಂದು ಹಾಳೆಯಲ್ಲಿ ಹದಿನಾಲ್ಕನ್ನೂ ಬರೆದು ನೋಡಿ. "ನನ್ನ ಕೈಲಿ ಏನೂ ಆಗಲ್ಲ" ಅನ್ನುವ ಮಾತು ಬಹುಪಾಲು ಸುಳ್ಳಾಗಿರುತ್ತದೆ. ನನ್ನದರಲ್ಲಿ ಆಗದೇ ಇದ್ದದ್ದು ನಾಲ್ಕು. ಹತ್ತು ನನ್ನ ಹತ್ತಿರವೇ ಇದ್ದವು. "ಎಲ್ಲಾ ನಾನೇ ಮಾಡ್ಕೋತೀನಿ" ಅನ್ನುವವರ ಸುಳ್ಳೂ ಇದೇ ಹಾಳೆಯಲ್ಲಿ ಸಿಕ್ಕಿಬೀಳುತ್ತದೆ.

ನಾನು ಮಾಡುತ್ತಿದ್ದ ಕೆಲಸವೇ ಹೋಯಿತು. ಇನ್ನು ನಾನು ಯಾರು?

ಇದನ್ನು ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ. "ಸುಮ್ನೆ ಕೂತು ಉಣ್ಣೂದು ಸೇರಂಗಿಲ್ರಿ" ಅನ್ನುತ್ತಾರೆ. ಅದೇ ಪ್ರಶ್ನೆ.

ನನ್ನ ಕಥೆಯನ್ನೇ ಹೇಳುತ್ತೇನೆ. ಮಣಿಕಟ್ಟು ಕೂಡಿತು, ಆದರೆ ಜೋಳದ ರೊಟ್ಟಿ ಬಡಿಯುವ ಬಲ ತಿರುಗಿ ಬರಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ರೊಟ್ಟಿ ಬಡಿದವಳು ನಾನು. ಶಾಲೆಗೆ ಹೋಗುವ ಮುಂಚೆ ಇಪ್ಪತ್ತು, ಹಬ್ಬಕ್ಕೆ ಅರವತ್ತು. ಓಣಿಯವರು ಸದ್ದು ಕೇಳಿಯೇ "ಅಕ್ಕಾವ್ರು ಎದ್ದಾರ" ಅನ್ನುತ್ತಿದ್ದರು. ಮಗ ರೊಟ್ಟಿಗೆ ಅಂತ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದ. ಮೊದಲ ದಿನ ಒಳಗಿನಿಂದ ಸದ್ದು ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದೇನೆ. ಮಗ ಗಾಬರಿಯಾಗಿ ಕಾಲು ನೋಯುತ್ತಿದೆ ಅಂದುಕೊಂಡ. ಹೌದು ಅಂದೆ.

ಒಂದು ವಾರ ಆದಮೇಲೆ ಕುರ್ಚಿಯಲ್ಲಿ ಕೂತೇ ಕೂಗಿದೆ: "ಹಿಟ್ಟಿಗೆ ಎಸರು ಕಡಿಮಿ ಆಗೇತಿ ನೋಡವಾ." ಅವಳು ಬಾಗಿಲಿಗೆ ಬಂದು ನಿಂತಳು. "ನೋಡದನ ಹೆಂಗ ಗೊತ್ತಾತ್ರಿ?" ಸದ್ದಿನಿಂದ. ನೀರು ಕಮ್ಮಿ ಆದ ಹಿಟ್ಟು ಬೇರೆ ಥರ ಸದ್ದು ಮಾಡುತ್ತದೆ.

ಅವತ್ತು ಒಂದು ಗೊತ್ತಾಯಿತು. ಹೋದದ್ದು ಮಣಿಕಟ್ಟಿನ ಬಲ. ರೊಟ್ಟಿ ಬಲ್ಲವಳು ಹೋಗಿರಲಿಲ್ಲ. ಮುಪ್ಪಿನ ಬಗ್ಗೆ ಓದಿದವರು ಇದನ್ನು ಎರಡು ಭಾಗ ಮಾಡುತ್ತಾರೆ: ತಾನೇ ಮಾಡುವುದು ಬೇರೆ, ತಾನೇ ನಿರ್ಧರಿಸುವುದು ಬೇರೆ. ಮೊದಲನೆಯದು ಹೋದ ಕೂಡಲೇ ಎರಡನೆಯದೂ ಹೋಯಿತು ಅಂತ ನಾವೂ ತಿಳಿಯುತ್ತೇವೆ, ಮನೆಯವರೂ ತಿಳಿಯುತ್ತಾರೆ. ಅರ್ಧ ದುಃಖ ಈ ಗೊಂದಲದ್ದೇ.

ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 1944ರಲ್ಲಿ ಗುರು ತೀರಿಕೊಂಡ ಮೇಲೆ ಪುಟ್ಟರಾಜರು ಆಶ್ರಮ ಹೊತ್ತರು. 2010ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹೊತ್ತರು. ಅವರು ನಡೆಯುವಾಗ ಒಬ್ಬರು ಕೈ ಹಿಡಿಯುತ್ತಿದ್ದರು. ಯಾರು ಯಾರ ಆಸರೆಯಲ್ಲಿದ್ದರು ಅಂತ ಅಲ್ಲಿ ಉಂಡು, ಹಾಡು ಕಲಿತ ಅಂಧ ಮಕ್ಕಳನ್ನು ಕೇಳಬೇಕು.

ಕೋಲು ಹಿಡಿಯಲು ನಾಚಿಕೆ. ಏನು ಮಾಡಲಿ?

ಬಿದ್ದಮೇಲೆ ಹಿಡಿಯುವುದಕ್ಕಿಂತ ಬೀಳುವ ಮುಂಚೆ ಹಿಡಿಯುವುದು ಲೇಸು. ಅಷ್ಟೇ.

ಹುಬ್ಬಳ್ಳಿ ರೈಲು ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದ ಅಂತ ಹೆಮ್ಮೆ ಪಡುತ್ತೇವೆ. ನನ್ನ ಬೀಗರು ಅದನ್ನು ಗಾಲಿಕುರ್ಚಿ ಬೇಡ ಅಂತ ನಡೆದೇ ದಾಟಲು ಹೋಗಿ ಅರ್ಧದಲ್ಲಿ ಟ್ರಂಕಿನ ಮೇಲೆ ಕೂತುಬಿಟ್ಟರು. ಗಾಡಿ ಹೋಯಿತು. "ಕುರ್ಚ್ಯಾಗ ಕುಂತಿದ್ರ ಮಂದಿ ನೋಡ್ತಿದ್ರು" ಅಂದರು. ಟ್ರಂಕಿನ ಮೇಲೆ ಕೂತಾಗಲೂ ನೋಡಿದರಲ್ಲ!

ಕಿವಿಯ ಯಂತ್ರಕ್ಕೂ ಇದೇ ಮಾತು. ಅದು ಕಾಣಿಸುವುದಕ್ಕಿಂತ ಹತ್ತು ಸಲ "ಆಂ?" ಅನ್ನುವುದೇ ಜಾಸ್ತಿ ಎದ್ದು ಕಾಣುತ್ತದೆ. ಇನ್ನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಎತ್ತರ. ಅಲ್ಲಿ ಹರೆಯದವರೂ ಮೆಟ್ಟಿಲಿಲ್ಲದೆ ಹತ್ತುತ್ತಾರೆ, ನಾವೂ ಹತ್ತುತ್ತೇವೆ. ಆ ಕಟ್ಟೆಯನ್ನು ಯಾರೂ ಆಸರೆ ಅನ್ನುವುದಿಲ್ಲ ನೋಡಿ.

ಮಕ್ಕಳು ಒಂದು ಲೋಟ ಎತ್ತಲೂ ಬಿಡುವುದಿಲ್ಲ. "ನೀವು ಕುಂದ್ರಿ" ಅನ್ನುತ್ತಾರೆ. ಪ್ರೀತಿಯೇ, ಆದರೆ ಉಸಿರು ಕಟ್ಟುತ್ತದೆ.

ಉಸಿರು ಕಟ್ಟುವುದು ಸರಿಯಾಗಿಯೇ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಮಾರ್ಗ್ರೆಟ್ ಬಾಲ್ಟೆಸ್ ವೃದ್ಧಾಶ್ರಮಗಳಲ್ಲಿ ಕೂತು ವರ್ಷಗಟ್ಟಲೆ ಇದನ್ನೇ ನೋಡಿದರು. ಮುದುಕರು "ಆಗಲ್ಲ" ಅಂದಾಗ ಸಿಬ್ಬಂದಿ ಓಡಿ ಬರುತ್ತಿದ್ದರು. ಅದೇ ಮುದುಕರು ತಾವೇ ಗುಂಡಿ ಹಾಕಿಕೊಂಡಾಗ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾದಾಗ ಮನುಷ್ಯ ಏನು ಕಲಿಯುತ್ತಾನೆ? ಆಗಲ್ಲ ಅನ್ನುವುದನ್ನೇ. ಜೊತೆಗೆ ಯಾರಾದರೂ ಬಂದು ಕೂರುತ್ತಾರಲ್ಲ, ಅದೂ ಒಂದು ಲಾಭ. ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಅತ್ತೆಗೆ ಮಂಡಿ ನೋವು ಬಂದಾಗ ಮಾತ್ರ ಮಗ ಹತ್ತಿರ ಕೂರುವುದಾದರೆ ಮಂಡಿ ಯಾಕೆ ವಾಸಿಯಾಗಬೇಕು?

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ ಬೇಕಾದ ಗಿಡ ಆರಿಸಿಕೊಳ್ಳಿ, ನೀರು ನೀವೇ ಹಾಕಿ ಅಂದರು. ಇನ್ನೊಂದು ಅಂತಸ್ತಿನವರಿಗೆ ಗಿಡವನ್ನು ಕೈಗೇ ಕೊಟ್ಟರು, ನೀರನ್ನು ನರ್ಸುಗಳೇ ಹಾಕಿದರು. ಕೆಲವೇ ವಾರಗಳಲ್ಲಿ ಮೊದಲನೆಯವರು ಹೆಚ್ಚು ಲವಲವಿಕೆಯಿಂದ ಇದ್ದರು. ಪ್ರಯೋಗ ಚಿಕ್ಕದು, ಬರೀ ಇಷ್ಟರಿಂದ ಎಲ್ಲ ಸಾಬೀತಾಗುವುದಿಲ್ಲ. ಆದರೆ ನನಗೆ ಇದು ಸುಳ್ಳು ಅನಿಸಲಿಲ್ಲ.

ನಾನು ಮಾಡಿದ್ದು ಇಷ್ಟು. ಮನೆಯಲ್ಲಿ ಮೂರು ಕೆಲಸ ನನ್ನ ಹೆಸರಿಗೆ ಬರೆಸಿಕೊಂಡೆ: ಕಾಯಿಪಲ್ಲೆ ಸೋಸುವುದು, ಹಾಲಿನ ಲೆಕ್ಕ, ಸಂಜೆ ದೀಪ. ನಾನು ನಿಧಾನ ಮಾಡಿದರೂ ಯಾರೂ ಕೈ ಹಾಕಬಾರದು ಅಂತ ಕರಾರು. ಮೆಂತ್ಯ ಸೋಸಲು ಮುಕ್ಕಾಲು ಗಂಟೆ ಬೇಕು. ಬೇಕಾದರೆ ಬೇಕು.

ಸ್ನಾನ, ಶೌಚಕ್ಕೂ ಇನ್ನೊಬ್ಬರು ಬೇಕಾದರೆ? ಅದನ್ನು ನೆನೆದರೇ ಸತ್ತಹಾಗಾಗುತ್ತದೆ.

ಇದಕ್ಕೆ ಸಿಹಿ ಮಾತು ಹೇಳುವುದಿಲ್ಲ. ಕಷ್ಟವೇ. ಆಸ್ಪತ್ರೆಯಲ್ಲಿ ಮೊದಲ ಸಲ ಬೆಡ್‌ಪ್ಯಾನ್ ಇಟ್ಟಾಗ ನಾನು ಗೋಡೆಗೆ ಮುಖ ಮಾಡಿದ್ದೆ. ಆ ವಾರ್ಡಿನಲ್ಲಿ ಪರದೆ ಅರ್ಧಕ್ಕೇ ನಿಲ್ಲುತ್ತಿತ್ತು. ಒಬ್ಬ ಹುಡುಗ ನನ್ನ ಮೈ ಒರೆಸುತ್ತಲೇ ಇನ್ನೊಬ್ಬನ ಜೊತೆ ಕ್ರಿಕೆಟ್ ಮಾತಾಡುತ್ತಿದ್ದ. ನೋವಿಗಿಂತ ಅದು ಜಾಸ್ತಿ ನೋಯಿಸಿತು. ನಾನು ಅಲ್ಲಿ ಇರಲೇ ಇಲ್ಲ ಅನ್ನುವ ಹಾಗೆ.

ಮನೆಗೆ ಬಂದಮೇಲೆ ಸೊಸೆ ಒಂದು ಮಾತು ಕೇಳಿದಳು: "ಅತ್ತಿ, ಮೊದಲ ಕಾಲಿಗೆ ನೀರು ಹಾಕ್ಲೋ, ಬೆನ್ನಿಗೋ?" ಅಷ್ಟರಿಂದ ಅರ್ಧ ಭಾರ ಇಳಿಯಿತು. ಕೆಲಸ ಅದೇ, ನೀರು ಅದೇ. ಆದರೆ ಕೇಳಿದಳು.

ನನಗೆ ಉಪಯೋಗಕ್ಕೆ ಬಂದ ಕೆಲವು ಸಂಗತಿ ಹೇಳುತ್ತೇನೆ. ಯಾರು ಸ್ನಾನ ಮಾಡಿಸಬೇಕು ಅಂತ ನೀವೇ ಹೇಳಿ. ಕೆಲವರಿಗೆ ಮಗಳು ಬೇಕು, ಕೆಲವರಿಗೆ ಮಗಳ ಎದುರೇ ಜಾಸ್ತಿ ನಾಚಿಕೆ, ಸಂಬಳಕ್ಕೆ ಬರುವ ಆಯಾ ಆದರೆ ಹಗುರ. ಇದರಲ್ಲಿ ಸರಿ ತಪ್ಪು ಇಲ್ಲ. ಮೈಮೇಲೆ ಒಂದು ತೆಳು ಟವೆಲ್ ಇರಲಿ. ಮುಖವನ್ನೂ ಮರೆಯ ಅಂಗಗಳನ್ನೂ ಆದಷ್ಟು ನೀವೇ ತೊಳೆದುಕೊಳ್ಳಿ. ಬಚ್ಚಲಿಗೆ ಹಿಡಿಕೆ, ಜಾರದ ಚಾಪೆ, ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಹಾಗಿರುವ ಕಮೋಡು ಹಾಕಿಸಿ. ಇವೆಲ್ಲ ಇದ್ದರೆ ಎಷ್ಟೋ ಮಂದಿಗೆ ಇನ್ನೊಬ್ಬರ ಕೈಯೇ ಬೇಕಾಗುವುದಿಲ್ಲ. ಹಿಡಿಕೆ ಹಾಕಿಸಲು ನಾನು ನಾಲ್ಕು ವರ್ಷ ಮುಂದೂಡಿದ್ದೆ, "ಈಗಲೇ ಯಾಕೆ" ಅಂತ. ಬಿದ್ದ ಮೂರನೆಯ ದಿನ ಮಗ ಹಾಕಿಸಿದ.

ಗಾಡಿ ಕೀಲಿ, ಅಂಗಡಿ ಗಲ್ಲಾ ಬಿಟ್ಟುಕೊಡುವುದು ಯಾವಾಗ?

ಇದು ಹೆಚ್ಚಾಗಿ ಗಂಡಸರ ಪ್ರಶ್ನೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ನೆಂಟರೊಬ್ಬರಿಗೆ ಮಗ ಸ್ಕೂಟರ್ ಕೀಲಿ ಬಚ್ಚಿಟ್ಟ. ಅವರು ಒಂದು ತಿಂಗಳು ಮಗನ ಜೊತೆ ಮಾತು ಬಿಟ್ಟರು. ಕೀಲಿ ಹೋದದ್ದಕ್ಕಲ್ಲ, ಬಚ್ಚಿಟ್ಟದ್ದಕ್ಕೆ.

ಒಂದೇ ದಿನ ಎಲ್ಲ ಬಿಡಬೇಡಿ. ಮೊದಲು ರಾತ್ರಿ ಗಾಡಿ ಬಿಡಿ. ಆಮೇಲೆ ಹಳೆ ಹುಬ್ಬಳ್ಳಿಯ ಗದ್ದಲದ ರಸ್ತೆ ಬಿಡಿ. ಗಲ್ಲಾ ಮಗನಿಗೆ ಕೊಟ್ಟು, ಖರೀದಿ ಮಾತು ನೀವು ಇಟ್ಟುಕೊಳ್ಳಿ. ಕಮ್ಮಿ ಆರಿಸಿಕೊಂಡು, ಆರಿಸಿಕೊಂಡದ್ದನ್ನು ಚೆನ್ನಾಗಿ ಮಾಡಿ, ಕೊರತೆ ಬಿದ್ದಲ್ಲಿ ಬೇರೆಯವರ ಕೈ ಕೂಡಿಸಿಕೊಳ್ಳುವುದು, ಸೂತ್ರ ಇಷ್ಟೇ.

ಗಂಗೂಬಾಯಿ ಹಾನಗಲ್ ಅವರ ಕಚೇರಿ ಕೇಳಿದವರಿಗೆ ನೆನಪಿರಬಹುದು. ಮಗಳು ಕೃಷ್ಣಾ ಜೊತೆಗೆ ಕೂತು ದನಿ ಕೂಡಿಸುತ್ತಿದ್ದರು. ಅಮ್ಮ ಬಿಟ್ಟಲ್ಲಿ ಮಗಳು ಎತ್ತಿಕೊಳ್ಳುತ್ತಿದ್ದರು. ಆದರೂ ಅದು ಗಂಗಜ್ಜಿಯ ಕಚೇರಿಯೇ.

ದುಡ್ಡು, ಬ್ಯಾಂಕು, ಆಸ್ತಿ ಮಕ್ಕಳ ಕೈಗೆ ಕೊಟ್ಟುಬಿಡಲೇ?

ಬ್ಯಾಂಕಿಗೆ ಹೋಗುವ ಕೆಲಸ ಕೊಡಿ. ದುಡ್ಡಿನ ಯಜಮಾನಿಕೆ ಕೊಡಬೇಡಿ. ಇಷ್ಟು ಒರಟಾಗಿ ಹೇಳಿದ್ದಕ್ಕೆ ಮಕ್ಕಳು ಸಿಟ್ಟಾಗಬಾರದು.

70 ದಾಟಿದವರಿಗೆ ಮನೆ ಬಾಗಿಲಿಗೇ ಸೇವೆ ಕೊಡಲು ವ್ಯವಸ್ಥೆ ಮಾಡಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಯಲ್ಲಿ ಕೇಳಿ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಪೆನ್ಶನ್ ಪಡೆಯುವವರು ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಫೋನಿಗೆ ಮುಖ ತೋರಿಸಿಯೂ ಕೊಡಬಹುದು. ಬೇಕಾದರೆ ಪೋಸ್ಟ್‌ಮನ್ ಮನೆಗೇ ಬರುತ್ತಾರೆ. ಹುಬ್ಬಳ್ಳಿಯ ರೈಲ್ವೆ ಪೆನ್ಶನ್‌ದಾರರಿಗೆ ಇದು ದೊಡ್ಡ ಅನುಕೂಲ. ಓಟಿಪಿ ಮಾತ್ರ ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ.

ಆಸ್ತಿ ಬರೆದುಕೊಡುವುದಾದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ದಾನಪತ್ರದಲ್ಲೇ ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮು ಇದಕ್ಕೇ ಇದೆ. ಷರತ್ತು ಮುರಿದರೆ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಯ ಎದುರು. ದಾರಿ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567.

ಮಕ್ಕಳು ಬೆಂಗಳೂರು, ಪುಣೆಯಲ್ಲಿದ್ದಾರೆ. ಊರು ಬಿಟ್ಟು ಅವರ ಹತ್ತಿರ ಹೋಗಲೇ?

ಗಡಿಬಿಡಿ ಮಾಡಬೇಡಿ. ಎರಡು ತಿಂಗಳು ಇದ್ದು ನೋಡಿ, ಆಮೇಲೆ ಮನೆ ಮಾರುವ ಮಾತು. ಊರಲ್ಲಿ ನಿಮ್ಮನ್ನು ಹೆಸರು ಹಿಡಿದು ಕೂಗುವ ಕಿರಾಣಿ ಅಂಗಡಿಯವರಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ. ಅಲ್ಲಿ ಹನ್ನೊಂದನೇ ಮಹಡಿಯಲ್ಲಿ ಯಾರಿದ್ದಾರೆ?

ಯಾವಾಗಲೂ ತಗೊಳ್ಳುವುದೇ ಆಯಿತು. ನಾನು ತಿರುಗಿ ಏನು ಕೊಡಲಿ?

ಈಗ ಮುಯ್ಯಿಗೆ ಬರೋಣ. ನಮ್ಮ ಹೊಲದಲ್ಲಿ ಬಿಳಿಜೋಳ ಕೊಯ್ಲಿಗೆ ಬಂದಾಗ ಪಕ್ಕದ ಹೊಲದವರು ಮುಯ್ಯಾಳಾಗಿ ಬರುತ್ತಿದ್ದರು. ಕೂಲಿ ಇಲ್ಲ. ಅವರ ಕಡಲೆಗೆ ನಾವು ಹೋಗುತ್ತಿದ್ದೆವು. ಯಾರೂ ಯಾರಿಗೂ ಹಂಗಿನಲ್ಲಿದ್ದೇವೆ ಅಂತ ತಲೆ ತಗ್ಗಿಸಲಿಲ್ಲ. ಎರಡೂ ಕೆಲಸ ಒಂದೇ ದಿನ ಮುಗಿಯಬೇಕು ಅಂತಲೂ ಇರಲಿಲ್ಲ. ಕೆಲವು ಸಲ ಮುಯ್ಯಿ ತೀರುವುದು ಮುಂದಿನ ವರ್ಷ. ಅಪ್ಪ ತೀರಿಕೊಂಡರೆ ಮಗ ಹೋಗಿ ತೀರಿಸುತ್ತಿದ್ದ.

ಮುಪ್ಪಿನ ಲೆಕ್ಕವೂ ಹಾಗೇ. ನಾನು ಅತ್ತೆಯ ಕಾಲು ಒತ್ತಿದ್ದೇನೆ, ಮಕ್ಕಳ ಬಟ್ಟೆ ತೊಳೆದಿದ್ದೇನೆ, ನೂರಾರು ಮಕ್ಕಳ ಕೈ ಹಿಡಿದು ಅ ಆ ತಿದ್ದಿಸಿದ್ದೇನೆ. ಆಗ ಅವರ್‍ಯಾರೂ ನನಗೆ ಹಂಗಿನವರು ಅಂತ ಅನಿಸಲೇ ಇಲ್ಲ. ಈಗ ನನ್ನ ಸರದಿ ಬಂದಾಗ ಮಾತ್ರ ನಿಯಮ ಬದಲಾಯಿಸುವುದು ಯಾವ ನ್ಯಾಯ?

ಹಾಗಂತ ಹಳೆಯ ಮುಯ್ಯಿಯನ್ನು ದಿನಾ ಎತ್ತಿ ಆಡಬಾರದು. "ನಿನ್ನ ಹೇಲು ಬಳದೀನಿ" ಅಂತ ಮಗನಿಗೆ ಅಂದ ದಿನ ಮುಯ್ಯಿ ಹಂಗಾಗಿ ತಿರುಗುತ್ತದೆ. ನಾನೂ ಒಂದು ಸಲ ಅಂದಿದ್ದೇನೆ. ಅವತ್ತು ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಈಗ ಕೊಡಲು ಇರುವುದನ್ನು ಕೊಡುತ್ತೇನೆ. ಮೊಮ್ಮಗಳಿಗೆ ಮಗ್ಗಿ, ರೊಟ್ಟಿ ಮಾಡುವವಳ ಮಗನಿಗೆ ಕನ್ನಡ ವ್ಯಾಕರಣ, ಸೊಸೆಗೆ ಅವಳ ಅಮ್ಮನ ಬಗ್ಗೆ ಮಾತಾಡಲು ಒಂದು ಕಿವಿ.

ಯಾವುದರಲ್ಲೂ ಮನಸ್ಸಿಲ್ಲ. "ನಾನು ಭಾರ" ಅಂತಲೇ ಅನಿಸುತ್ತದೆ. ಇದು ವಯಸ್ಸಿನದ್ದಾ, ಕಾಯಿಲೆಯಾ?

ಎರಡು ವಾರ ಬಿಡದೆ ಹೀಗೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದು ಖಿನ್ನತೆ ಇರಬಹುದು. ವಯಸ್ಸಿನ ಸಹಜ ಗುಣ ಅಂತ ಬಿಡಬೇಡಿ, ಅದಕ್ಕೆ ಔಷಧ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. "ಅಲ್ಲಿಗೆ ಹೋದರೆ ಹುಚ್ಚು ಅಂತಾರ" ಅನ್ನುವ ಹಳೆಯ ಮಾತು ಇನ್ನೂ ಜೀವಂತವಾಗಿದೆ, ಬೇಸರದ ಸಂಗತಿ. ಹೋಗಲು ಹಿಂಜರಿಕೆ ಆದರೆ 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಹೇಳಿ.

ಇನ್ನೊಂದು ಮಾತು. ನಿನ್ನೆ ಚೆನ್ನಾಗಿದ್ದವರು ಇವತ್ತು ಒಮ್ಮೆಲೇ ಗೊಂದಲ ಮಾಡಿಕೊಂಡರೆ ಅದು ಮುಪ್ಪು ಅಲ್ಲ. ಮೂತ್ರದ ಸೋಂಕು, ಸೋಡಿಯಂ ಕಮ್ಮಿ ಆಗಿರುವುದು, ಹೊಸ ಗುಳಿಗೆ, ಪಾರ್ಶ್ವವಾಯು ಏನಾದರೂ ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

"ಮುದುಕಿ ಆದೆ, ಇನ್ನೇನು" ಅಂತ ಸುಮ್ನೆ ಆಗಿಬಿಡುವುದೇ ಒಪ್ಪಿಕೊಳ್ಳುವುದಾ?

ಅಲ್ಲ. ಅದು ಕೈಚೆಲ್ಲುವುದು. ಅಮೆರಿಕದ ಬೆಕಾ ಲೆವಿ ಮತ್ತು ಜೊತೆಯವರು 2002ರಲ್ಲಿ ಒಹಾಯೋ ರಾಜ್ಯದ ಒಂದು ಊರಿನ 660 ಜನರ ಲೆಕ್ಕ ಕೊಟ್ಟರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಕೋಲು ಹಿಡಿದು ಕೆರೆಯವರೆಗೆ ಹೋಗುವುದು ಒಪ್ಪಿಕೊಳ್ಳುವುದು. ಕೋಲು ಬೇಕಾಯಿತಲ್ಲ ಅಂತ ಮನೆಯಲ್ಲೇ ಕೂರುವುದು ಬೇರೆ.

ನಾನು ಮಗ. ಅಪ್ಪ ಏನು ಹೇಳಿದರೂ ಸಹಾಯ ಒಪ್ಪುವುದಿಲ್ಲ. ಏನು ಮಾಡಲಿ?

"ನಿನಗೆ ಆಗಲ್ಲ" ಅನ್ನಬೇಡಿ. "ನನಗೆ ಭಯ ಆಗ್ತದಪ್ಪಾ, ನನ್ನ ಸಲುವಾಗಿ ಹಿಡಕೋ" ಅನ್ನಿ. ಸುಮಾರು ಅಪ್ಪಂದಿರು ಮಗನಿಗೆ ಉಪಕಾರ ಮಾಡಲು ಒಪ್ಪುತ್ತಾರೆ, ಮಗನಿಂದ ಪಡೆಯಲು ಒಪ್ಪುವುದಿಲ್ಲ. ಡಾಕ್ಟರ ಮುಂದೆ ಅವರ ಬದಲು ನೀವು ಉತ್ತರ ಹೇಳಬೇಡಿ. ಅವರು ತಡವರಿಸಲಿ, ಕಾಯಿರಿ.

ಕೆಲವು ಕಡೆ ಅವರ ಹಟವನ್ನು ಗೌರವಿಸಿ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ನಮ್ಮ ದೊಡ್ಡಪ್ಪನ ಮನೆಗೆ ಅದಕ್ಕಾಗಿ ಫಾರಂ ತಂದಾಗ ಬೇಡ ಅಂದರು. ಮತದಾನದ ದಿನ ಇಸ್ತ್ರಿ ಧೋತರ ಉಟ್ಟು, ಇಬ್ಬರು ಮೊಮ್ಮಕ್ಕಳ ಹೆಗಲ ಮೇಲೆ ಕೈ ಹಾಕಿ ಶಾಲೆಗೆ ಹೋಗಿ ಮತ ಹಾಕಿ ಬಂದರು. ಮನೆಯವರಿಗೆ ತಾಪತ್ರಯ ಆಯಿತು, ನಿಜ. ಹೆಗಲ ಮೇಲೆ ಕೈ ಹಾಕಿದ್ದು ಅವತ್ತು ಅವರಿಗೆ ಹಂಗು ಅನಿಸಲೇ ಇಲ್ಲ.

ನೀವು ಪೂರಾ ಒಪ್ಪಿಕೊಂಡಿದ್ದೀರಾ?

ದಿನದ ಮೇಲೆ ಹೋಗುತ್ತದೆ. ಬಲಗೈ ತಲೆಯವರೆಗೆ ಏಳುವುದಿಲ್ಲ, ಅದಕ್ಕೆ ಸೊಸೆಯೇ ತಲೆ ಬಾಚುತ್ತಾಳೆ. ನಿನ್ನೆ ಬೈತಲೆ ಓರೆ ಆಗಿತ್ತು. ಬೆರಳಿಗೆ ಗೊತ್ತಾಯಿತು, ಆದರೂ ಅವಳು ಕೆಲಸಕ್ಕೆ ಹೊರಟಿದ್ದಾಳಲ್ಲ ಅಂತ ಸುಮ್ಮನಾದೆ. ಇಡೀ ದಿನ ಅದೇ ತಲೆಯಲ್ಲಿ ಕುಟುಕುತ್ತಿತ್ತು. ಸಂಜೆ ಅವಳು ಬಂದು ಚಹಾ ಕುಡಿಯುವಾಗ ಹೇಳಿಯೇಬಿಟ್ಟೆ. ಅವಳು ನನ್ನ ತಲೆ ನೋಡಿದಳು, ನಕ್ಕಳು. "ಮುಂಜಾನೇನ ಹೇಳೂದಲ್ಲೇನ್ರಿ?" ಅಂದಳು. ಚಹಾ ಬಿಟ್ಟು ಎದ್ದು ಬಾಚಣಿಕೆ ತಂದಳು.